ಬಾಲ್ಕನಿಯ ಎರಡು ನಿಮಿಷ

ಇವಳೇ,

ಈ ಕಾಗದ ನಿನಗೆ ತಲುಪಿಸೋದು ಯಾವ ಅಂಚೆಯವನಿಂದಲೂ ಆಗದು. ಆದರೂ ಬರೆಯದೆ ತಡೆಯೋಕಾಗಲಿಲ್ಲ.

ಸಿಗರೇಟು ಬಿಟ್ಟು ಇವತ್ತಿಗೆ ನೂರು ದಿನ. ಮೂರು ಮಹಡಿ ನಿಲ್ಲದೆ ಹತ್ತುತ್ತೇನೆ, ಕೆಮ್ಮಿಲ್ಲ. ಎಲ್ಲ ಗೆಳೆಯರ ದಯೆ ಅಂದುಕೊಂಡಿದ್ದೆ. ಟೈಲರ್ ದಿನಾ ಬೆಳಿಗ್ಗೆ ವಾಕಿಂಗಿಗೆ ಎಳೆದೊಯ್ಯುತ್ತಿದ್ದ. ಕ್ಷೌರದವನಂತೂ ಅಂಗಡಿ ಬಾಗಿಲಲ್ಲೇ ನಿಲ್ಲಿಸಿ ನನ್ನ ಮೀಸೆ ಮೂಸಿ "ಪಾಸ್" ಅನ್ನುತ್ತಿದ್ದ. ಕಾಲೇಜಿನಲ್ಲಿ ಓದಿದ್ದೆನಲ್ಲ, ಎ ಫ್ರೆಂಡ್ ಇನ್ ನೀಡ್ ಈಸ್... ಮುಂದಿನದು ಮರೆತಿದೆ, ಇರಲಿ.

ಇವತ್ತು ಮೀಸೆ ಮೂಸಿದವನೇ ಕಣ್ಣೊರೆಸಿಕೊಂಡ. "ಅತ್ತಿಗೆಗೆ ಕೊಟ್ಟ ಮಾತು ಉಳಿಸಿಕೊಂಡ್ವಿ ಕಣೋ."

"ಯಾವ ಮಾತು?"

"ಡಾಕ್ಟರು ಇನ್ನು ಆರೇ ತಿಂಗಳು ಅಂದ ದಿನ ಇಲ್ಲಿಗೆ ಬಂದಿದ್ರು. ನಾನು ಹೋದ್ಮೇಲೆ ನಮ್ಮನೆಯವರ ಸಿಗರೇಟು ಬಿಡಿಸಿ ಅಂದ್ರು."

ನನ್ನ ಜೊತೆ ಬಂದಿದ್ದ ಟೈಲರ್ ಅವನ ಕಾಲು ತುಳಿದ. ಆದರೆ ಮಾತು ಆಗಲೇ ಬಾಯಿ ದಾಟಿತ್ತು.

ಆರು ತಿಂಗಳು! ನನಗೆ ನೀನು ಹೇಳಿದ್ದು ಗ್ಯಾಸ್ಟ್ರಿಕ್ ಅಂತ. ಕಂಡವರ ಗಡ್ಡ ಕೆರೆಯೋನಿಗೆ ಗೊತ್ತು, ಕೈಹಿಡಿದವನಿಗೆ ಗೊತ್ತಿಲ್ಲ. ದಿಸ್ ಈಸ್ ಚೀಟಿಂಗ್ ಕಣೇ.

ಸಿಟ್ಟಿನಲ್ಲಿ ಒಂದು ಪ್ಯಾಕು ಕೊಂಡು ತಂದು ಬಾಲ್ಕನಿಗೆ ಬಂದೆ. ಅಲ್ಲಿ ನಿಂತಾಗ ನೆನಪಾಯಿತು. ಆ ದಿನಗಳಲ್ಲಿ ನೀನು "ರೀ, ಸ್ವಲ್ಪ ಕೂತ್ಕೊಳ್ಳಿ, ಒಂದು ಮಾತಿದೆ" ಅಂದಾಗಲೆಲ್ಲ ನಾನು "ಎರಡೇ ನಿಮಿಷ" ಅಂತ ಇಲ್ಲಿಗೇ ಬರುತ್ತಿದ್ದೆ. ಒಂದು ಮುಗಿದರೆ ಇನ್ನೊಂದು ಹಚ್ಚುತ್ತಿದ್ದೆ. ಒಳಗೆ ಬರೋ ಹೊತ್ತಿಗೆ ನೀನು ಪಾತ್ರೆ ತೊಳೆಯೋಕೆ ಎದ್ದು ಹೋಗಿರುತ್ತಿದ್ದೆ.

ಪ್ಯಾಕು ಒಡೆದಿಲ್ಲ. ಒಳಗೆ ಬಂದು ಕೂತಿದ್ದೇನೆ. ಈಗ ಹೇಳು.