ಗ್ಯಾರೇಜಿನಲ್ಲಿರುವ ಮಷೀನು

ನಾರ್ತ್ ಲೇಕ್ಸ್, ಆಗಸ್ಟ್ 2016

ವಸಂತಕುಮಾರ್ ಸರ್ ಅವರಿಗೆ ಬನಶಂಕರಿಯ ನಮಸ್ಕಾರ.

ನಿಮ್ಮ ತಾಯಿಯವರ ಊಟ, ಮಾತ್ರೆ ಎಲ್ಲ ಸರಿಯಾಗಿ ನಡೆದಿದೆ, ಗಾಬರಿ ಬೇಡ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆದಿದ್ದೇನೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ನೆಂಟರು ಬರುತ್ತಾರೆಂದು, ನಿಮ್ಮ ತಾಯಿಯವರನ್ನು ಮಂಚದಿಂದ ಎತ್ತುವ ಮಷೀನನ್ನು ಗ್ಯಾರೇಜಿಗೆ ಹಾಕಿಸಿದಿರಿ. ಇನ್ನೂ ಅಲ್ಲೇ ಇದೆ. ಕೈಯಲ್ಲಿ ಎತ್ತಬಾರದು ಅಂತ, ನನ್ನನ್ನು ಆರೈಕೆಗೆ ಕಳಿಸುವ ಆಫೀಸಿನ ರೂಲು. ಮಷೀನು ತರಿಸೋಣ ಅಂತ ಆಂಟಿಗೆ ಹೇಳಿದರೆ, "ಮೂಟೆ ಥರ ನೇತಾಕ್ತೀಯೇನೇ ನನ್ನ? ಮಗಳಾಗಿದ್ರೆ ಎತ್ತುತಿರ್ಲಿಲ್ವಾ?" ಅಂದರು. ಎತ್ತಿದೆ. ಇಬ್ಬರೂ ಮಂಚದ ಮೇಲೇ ಬಿದ್ದೆವು. ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ಸೊಂಟ ಹಿಡಿದು, ಬಸ್ಸಿನಲ್ಲಿ ಕೂರಲಾಗದೆ ನಿಂತೇ ಮನೆಗೆ ಹೋದೆ. ನೆಲಕ್ಕೆ ಬಿದ್ದಿದ್ದರೆ ಅವರ ಗತಿ ಏನು ಅಂತ ಅದೇ ಯೋಚನೆ.

ಆಫೀಸಿಗೂ ಇವತ್ತು ಹೇಳುತ್ತೇನೆ. ನಿಮ್ಮ ಮೇಲೆ ದೂರಲ್ಲ ಸರ್. ನನ್ನ ಕೆಲಸ ಏನಾಗುತ್ತೋ ಗೊತ್ತಿಲ್ಲ.

ಆಫೀಸಿನವರು ಕಳಿಸಿದರೆ ಸೋಮವಾರ ಬರುತ್ತೇನೆ. ಮಷೀನು ಮಂಚದ ಪಕ್ಕದಲ್ಲಿದ್ದರೆ ಸ್ನಾನ ಮಾಡಿಸುತ್ತೇನೆ. ಇಲ್ಲದಿದ್ದರೆ ಮಲಗಿದಲ್ಲೇ ಮೈ ಒರೆಸಿ, ತಲೆ ಬಾಚುತ್ತೇನೆ. ಅವರು ಎಷ್ಟು ಬೈದರೂ ಎತ್ತುವುದಿಲ್ಲ.

ಮಷೀನು ಒಳಗೆ ತಂದ ಮೊದಲ ದಿನ ನೀವು ಅವರ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತುಕೊಳ್ಳಿ ಸರ್. ಆ ಮಷೀನಿನಲ್ಲಿ ಮೇಲೇಳುವಾಗ ಅವರಿಗೆ ಭಯವಾಗುತ್ತದೆ. ನಿಮಗೆ ಹೇಳುವುದಿಲ್ಲ, ಸೆರಗು ಹಿಡಿಯುವ ಹಾಗೆ ನನ್ನ ಟೀ ಶರ್ಟಿನ ತುದಿ ಹಿಡಿದುಕೊಳ್ಳುತ್ತಾರೆ.

ಇತಿ,
ಬನಶಂಕರಿ