ಸುಕ್ಕಿಲ್ಲದ ಅಂಗಿ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊದಲು ನಿನ್ನ ಕೈ ಹೇಗಿದೆ ಹೇಳು. ಬೇಕರಿಯ ಒಲೆಯಿಂದ ತಟ್ಟೆ ಎಳೆಯುವಾಗ ಮಣಿಕಟ್ಟು ಸುಟ್ಟುಕೊಂಡೆ ಅಂದಿದ್ದೆಯಲ್ಲ, ಮಾಯಿತೇ? ಮಾಯುವಾಗ ತುರಿಸುತ್ತದೆ, ಕೆರೆಯಬೇಡ. ಇಷ್ಟು ವರ್ಷ ಇಸ್ತ್ರಿಪೆಟ್ಟಿಗೆಯ ಜೊತೆ ಸಂಸಾರ ಮಾಡಿದವಳು ಹೇಳುತ್ತಿದ್ದೇನೆ, ನಂಬು. ಹೋದ ತಿಂಗಳ ಜ್ವರದ ಸುಸ್ತು ಹೋಯಿತೇ? ಮೂರು ದಿನ ಹಾಸಿಗೆಯಿಂದ ಏಳಲಿಲ್ಲವಂತೆ. ಅದನ್ನೂ ಜ್ವರ ಬಿಟ್ಟ ಮೇಲೆ ಹೇಳುವ ಮಗಳು ನೀನು. ಇಲ್ಲಿ ನಾವಿಬ್ಬರೂ ಇದ್ದೇವೆ. ನಿಮ್ಮಪ್ಪನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ, ಅವರು ಇಳಿಯುವಾಗಲೂ ಗೊಣಗುತ್ತಾರೆ. ನನ್ನ ಲಾಂಡ್ರಿಯಲ್ಲಿ ಹೊಸ ಹಬೆಯ ಯಂತ್ರ ಬಂದಿದೆ. ಹಾಳಾದ್ದು, ಕಾಲರ್ ಎಲ್ಲ ಚಪ್ಪಟೆ ಮಾಡಿಡುತ್ತದೆ, ಮತ್ತೆ ನಾವೇ ಕೈಯಲ್ಲಿ ಸರಿಮಾಡಬೇಕು.

ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ಗುಂಡನ ಕೋಣೆಯ ವಿಷಯ ಎತ್ತಿದ ಕೂಡಲೇ ನಿನಗೆ ಯಾರೋ ಗಿರಾಕಿ ಬಂದುಬಿಡುತ್ತಾರೆ. ಗುಂಡ, ನಿನ್ನ ತಮ್ಮ, ತೀರಿಹೋದಾಗ ನೀನು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡು ದಿನ ಇದ್ದೆ. ಆ ಕೋಣೆಯ ಬಾಗಿಲಿನಿಂದ ದೂರ ಸರಿದು, ಎದುರು ಗೋಡೆಗೆ ಒತ್ತಿಕೊಂಡು ಓಡಾಡಿದೆ. ಅದಾದ ಮೇಲೆ ಒಂದು ವರ್ಷದ ಮೇಲಾಯಿತು, ಮನೆಯ ಕಡೆ ತಲೆ ಹಾಕಿಲ್ಲ. ನಿನ್ನನ್ನು ಬೈಯುತ್ತಿಲ್ಲ. ಕಾಗದವನ್ನಾದರೆ ನೀನು ಮಧ್ಯದಲ್ಲಿ ಕಟ್ ಮಾಡಲಾರೆ, ಅಷ್ಟೇ.

ವಿಷಯ ಏನೆಂದರೆ, ಆ ಕೋಣೆಯಲ್ಲಿ ಟಿವಿ ತಾನಾಗಿಯೇ ಹತ್ತುತ್ತದೆ. ಶನಿವಾರ ಸಂಜೆ ಐದೂವರೆಗೆ, ಅವನು ಅನಿಮೆ ಅನ್ನುವ ಆ ಜಪಾನಿ ಕಾರ್ಟೂನು ನೋಡುತ್ತಿದ್ದ ಅದೇ ಹೊತ್ತಿಗೆ. ಅವನು ಹೋಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ, ಮೊದಲ ಸಲ ಅದರ ಶುರುವಿನ ಹಾಡು ಕೇಳಿದಾಗ ನನ್ನ ಕೈಯಲ್ಲಿದ್ದ ಪಾತ್ರೆ ಬಿತ್ತು. ನಿಮ್ಮಪ್ಪ ಬಾಗಿಲ ತನಕ ಓಡಿದವರು ಅಲ್ಲೇ ನಿಂತರು. ಒಳಗೆ ಯಾರೂ ಇಲ್ಲ. ಪರದೆಯ ಬೆಳಕು ಅವನ ಖಾಲಿ ಕುರ್ಚಿಯ ಮೇಲೆ ಬೀಳುತ್ತಿತ್ತು. ಅವರು ಪ್ಲಗ್ ಕೀಳಲು ಹೋದರು, ನಾನು ಕೈ ಹಿಡಿದುಕೊಂಡೆ. "ಇರ್ಲಿ ಬಿಡಿ, ಅವನು ನೋಡ್ತಿದಾನೆ" ಅಂದೆ. ಅಂದದ್ದು ಯಾಕೋ ಗೊತ್ತಿಲ್ಲ, ಅಂದ ಮೇಲೆ ನನಗೇ ನಂಬಿಕೆಯಾಯಿತು. ಅಂದಿನಿಂದ ಪ್ರತಿ ಶನಿವಾರ ಒಳಗೆ ಹೋಗಿ ಅವನ ಮಂಚದ ತುದಿಯಲ್ಲಿ ಕೂರುತ್ತೇನೆ. ಕುರ್ಚಿಯಲ್ಲಿ ಕೂರುವುದಿಲ್ಲ.

ಹೀಗೆ ಕೂತು ಕೂತು ನಿನ್ನಮ್ಮ ಈಗ ದೊಡ್ಡ ಅಭಿಮಾನಿಯಾಗಿದ್ದಾಳೆ. ನೀವಿಬ್ಬರೂ ನೆಲದ ಮೇಲೆ ಬಿದ್ದುಕೊಂಡು ಆ ದಪ್ಪ ದಪ್ಪ ಮಾಂಗಾ ಪುಸ್ತಕ ಓದುವಾಗ ಬೊಂಬೆ ಪುಸ್ತಕ ಅಂತ ಹೀಯಾಳಿಸುತ್ತಿದ್ದೆನಲ್ಲ, ಈಗ ಕಪಾಟಿನಲ್ಲಿರುವುದನ್ನೆಲ್ಲ ಒಂದೊಂದಾಗಿ ಓದಿದ್ದೇನೆ. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಆ ಅಡುಗೆ ಸ್ಪರ್ಧೆಯ ಕಥೆ ನನಗೆ ಹಿಡಿಸಲಿಲ್ಲ. ಒಂದು ತುತ್ತು ತಿಂದವರೆಲ್ಲ ಕಣ್ಣೀರು ಸುರಿಸಿ ಮೂರ್ಛೆ ಹೋಗುತ್ತಾರೆ, ಅಷ್ಟು ಪಾತ್ರೆ ತೊಳೆಯುವವರು ಯಾರು ಅಂತ ಒಂದು ಚಿತ್ರದಲ್ಲೂ ಇಲ್ಲ. ಚೆಂಡಾಟದ್ದು ಪರವಾಗಿಲ್ಲ, ಆದರೆ ಒಬ್ಬ ಎಸೆದ ಚೆಂಡು ಇನ್ನೊಬ್ಬನ ಕೈ ಸೇರುವಷ್ಟರಲ್ಲಿ ಅರ್ಧ ಪುಸ್ತಕ ಮುಗಿದಿರುತ್ತದೆ. ನಡುವೆ ಇಬ್ಬರೂ ತಮ್ಮ ಬಾಲ್ಯ ನೆನೆಯುತ್ತಾರೆ. ಯುದ್ಧಯಂತ್ರದೊಳಗೆ ಮಕ್ಕಳನ್ನು ಕೂರಿಸಿ ಓಡಿಸುತ್ತಾರಲ್ಲ, ಆ ಸರಣಿ ನೋಡಿದರೆ ನನಗೆ ಮೈ ಉರಿಯುತ್ತದೆ. ಊರು ಉಳಿಸಬೇಕಾದರೆ ದೊಡ್ಡವರು ಹೋಗಲಿ. ಆ ಮಕ್ಕಳ ತಾಯಂದಿರು ಎಲ್ಲಿ? ಕಥೆಗಾರನಿಗೆ ತಾಯಿ ಅಡ್ಡಿ, ಅದಕ್ಕೇ ಮೊದಲನೇ ಪುಟದಲ್ಲೇ ಸಾಯಿಸಿಬಿಡುತ್ತಾನೆ. ಶಾಲೆಯ ಪ್ರೀತಿಯ ಕಥೆಯಲ್ಲಿ ಆ ಹುಡುಗ ಹನ್ನೊಂದು ಪುಸ್ತಕ ಆದರೂ ಮನಸ್ಸಿನಲ್ಲಿದ್ದದ್ದನ್ನು ಹೇಳುವುದೇ ಇಲ್ಲ. "ಹೇಳಿ ಸಾಯೋ" ಅಂತ ಜೋರಾಗಿ ಬೈದುಬಿಟ್ಟೆ. ಆ ಕೋಣೆಯಲ್ಲಿ ಆ ಮಾತು ಆಡಬಾರದಿತ್ತು.

ನನಗೆ ನಿಜವಾಗಿ ಹಿಡಿಸಿದ್ದು ದೀಪದ ಮನೆಯ ಕಥೆ. ನಿನಗೆ ಗೊತ್ತಿರುವುದೇ, ಆದರೂ ನಾನು ಓದಿದ ಹಾಗೆ ಹೇಳುತ್ತೇನೆ ಕೇಳು. ಸಮುದ್ರದ ದಡದಲ್ಲಿ ಹಡಗುಗಳಿಗೆ ದೀಪ ತೋರಿಸುವ ಗೋಪುರ, ಅದನ್ನು ಕಾಯುವ ಅಕ್ಕ, ಅವಳಿಗೊಬ್ಬ ತಮ್ಮ. ಆ ಕಥೆಯ ಪುಸ್ತಕಗಳು ಗುಂಡನ ಕಪಾಟಿನ ಮೇಲಿನ ಸಾಲಿನಲ್ಲಿದ್ದವು. ಎಲ್ಲಕ್ಕಿಂತ ಎಡಗಡೆಯದ್ದು ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇತ್ತು. ಬಿಚ್ಚಲು ಮನಸ್ಸಾಗಲಿಲ್ಲ, ಅದರ ಪಕ್ಕದ್ದನ್ನು ಎತ್ತಿಕೊಂಡು ನಾವು ಓದುವ ಹಾಗೆ ಎಡದಿಂದ ಬಲಕ್ಕೆ ಓದುತ್ತಾ ಹೋದೆ. ಶುರುವಿನಲ್ಲಿ ತಮ್ಮನಿಗೆ ಏನೋ ಕಾಯಿಲೆ. ಅವನನ್ನು ಬರೆದ ಗೆರೆ ಎಷ್ಟು ತೆಳುವೆಂದರೆ ಕಿಟಕಿಯ ಹತ್ತಿರ ಹಿಡಿದು ನೋಡಬೇಕು. ಬರುಬರುತ್ತಾ ಗೆರೆ ಗಟ್ಟಿಯಾಗುತ್ತದೆ, ಹುಡುಗ ಚೇತರಿಸಿಕೊಳ್ಳುತ್ತಾನೆ. ಕೊನೆಯ ಪುಸ್ತಕದಲ್ಲಂತೂ ಕೆನ್ನೆ ಉಬ್ಬಿಸಿಕೊಂಡು ತಿನ್ನುತ್ತಾನೆ, ಅಕ್ಕನ ಜಡೆ ಎಳೆಯುತ್ತಾನೆ. ಮಾತುಗಳು ಮಾತ್ರ ಸ್ವಲ್ಪ ವಿಚಿತ್ರ, ಮೊದಲು ಉತ್ತರ ಬರುತ್ತದೆ, ಆಮೇಲೆ ಪ್ರಶ್ನೆ. ನಮ್ಮ ಮನೆಯಲ್ಲೂ ನಿಮ್ಮಪ್ಪ ಹಾಗೇ ಮಾತಾಡುವುದು, ಅದಕ್ಕೇ ನನಗೆ ಕಷ್ಟವಾಗಲಿಲ್ಲ.

ಟಿವಿಯಲ್ಲಿ ಬರುವುದೂ ಅದೇ ಕಥೆ. ಆದರೆ ಅಲ್ಲಿ ಹುಡುಗ ವಾರ ವಾರ ಮಂಕಾಗುತ್ತಾ ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಟಿವಿಯವರು ಇಷ್ಟು ಒಳ್ಳೆಯ ಕಥೆಯನ್ನು ಕುಲಗೆಡಿಸಿದ್ದಾರೆ ಅಂತ ಜಗಳ ತೆಗೆಯಲು ನೇರ ಆ ಬಾಡಿಗೆ ಪುಸ್ತಕದಂಗಡಿಗೇ ಹೋದೆ. ನೀವಿಬ್ಬರೂ ಸೋಡಾಬುಡ್ಡಿ ಅನ್ನುತ್ತಿದ್ದಿರಲ್ಲ, ಆ ಅಂಗಡಿಯವನು ಪೂರ್ತಿ ಕೇಳಿಸಿಕೊಂಡ. ನಗಲಿಲ್ಲ. ಒಂದು ಪುಸ್ತಕ ತೆಗೆದು ಹಿಂದಿನ ರಟ್ಟಿನಿಂದ ತೆರೆದು ತೋರಿಸಿದ. ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕಂತೆ. ಅದಕ್ಕೇ ಗುಂಡ ಸಾಲನ್ನೂ ಬಲದಿಂದ ಜೋಡಿಸಿದ್ದನಂತೆ. ನಾನು ತೆರೆಯುತ್ತಿದ್ದ ಪುಟದಲ್ಲೇ, ಈ ಕಡೆಯಿಂದಲ್ಲ ಅಂತ ಕೈಯೆತ್ತಿ ತಡೆಯುವ ಚಿತ್ರವೂ ಇತ್ತು, ಅದನ್ನು ಯಾವುದೋ ಜಾಹೀರಾತು ಅಂದುಕೊಂಡಿದ್ದೆ. "ಅಮ್ಮಾ, ಆ ಹುಡುಗ ಹುಷಾರಾಗ್ತಿಲ್ಲ. ಅವನು ಸಮುದ್ರದಲ್ಲಿ ಹೋಗ್ಬಿಟ್ಟಿದಾನೆ, ಅವನಿಗೇ ಅದು ಗೊತ್ತಿಲ್ಲ. ಅಕ್ಕ ಹೇಳಿದ್ರೆ ಮಾಯ ಆಗ್ಬಿಡ್ತಾನೆ ಅಂತ ಅವಳು ಹೇಳ್ತಿಲ್ಲ" ಅಂದ.

ಅವನು ಹೇಳುವ ಮೊದಲೇ ನನಗೆ ತಿಳಿಯಬೇಕಿತ್ತು. ಆ ಕಥೆಯ ಚಿತ್ರಗಾರ ಬಟ್ಟೆ ಬಲ್ಲವನು, ಒಂದಲ್ಲ ಒಂದು ದಿನ ಇಸ್ತ್ರಿಪೆಟ್ಟಿಗೆ ಹಿಡಿದಿರಬೇಕು. ಅಕ್ಕನ ಕುಪ್ಪಸದಲ್ಲಿ ಮೊಣಕೈ ಹತ್ತಿರ ಮಡಿಕೆ ಇದೆ, ಕೂತು ಎದ್ದಾಗ ಸೊಂಟದ ಹತ್ತಿರ ಸುಕ್ಕು ಇದೆ, ಎಲ್ಲ ಎಲ್ಲಿರಬೇಕೋ ಅಲ್ಲೇ. ತಮ್ಮನ ಅಂಗಿಗೆ ಮಾತ್ರ ಒಂದೂ ಸುಕ್ಕಿಲ್ಲ. ಓಡಿದರೂ ಇಲ್ಲ, ಮಲಗಿದರೂ ಇಲ್ಲ. ನಾನು ಪೆದ್ದಿ, ಹುಡುಗ ಎಷ್ಟು ನೀಟು ಅಂತ ಮೆಚ್ಚಿಕೊಂಡಿದ್ದೆ. ಒಳಗೆ ಮೈಯಿದ್ದರೆ ತಾನೇ ಅಂಗಿ ಸುಕ್ಕಾಗುವುದು. ಅವತ್ತು ಮನೆಗೆ ಬಂದು ಗುಂಡನ ಬೀರು ತೆರೆದೆ. ಅವನ ಅಂಗಿಗಳನ್ನು ಎರಡು ವಾರಕ್ಕೊಮ್ಮೆ ತೆಗೆದು ಇಸ್ತ್ರಿ ಮಾಡಿ ಮತ್ತೆ ನೇತುಹಾಕುತ್ತಿದ್ದೆ, ಲಾಂಡ್ರಿಯವಳ ಮಗನ ಬಟ್ಟೆ ಅಂತ ಯಾರೂ ಆಡಿಕೊಳ್ಳಬಾರದು ಅಂತ. ಅವು ಸಾಲಾಗಿ ನೇತಾಡುತ್ತಿದ್ದವು. ಒಂದರಲ್ಲೂ ಒಂದು ಸುಕ್ಕಿರಲಿಲ್ಲ. ನೀಲಿ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಂಡಿ ಹಿಂಡಿ ಮುದುರಿದೆ. ಮಗಳೇ, ನಾನು ಅವತ್ತು ಅತ್ತ ಹಾಗೆ ಅವನು ಹೋದ ದಿನವೂ ಅತ್ತಿರಲಿಲ್ಲ.

ನಿಮ್ಮಪ್ಪ ನನಗೆ ತಲೆಕೆಟ್ಟಿದೆ ಅಂತ ಹೇಳಲಿಕ್ಕೂ ಆಗದೆ, ಸುಮ್ಮನಿರಲಿಕ್ಕೂ ಆಗದೆ ಒದ್ದಾಡುತ್ತಾರೆ. ಶನಿವಾರ ಸಂಜೆ ಹೊಸ್ತಿಲ ಆಚೆ ದಿನಪತ್ರಿಕೆ ಹಿಡಿದು ನಿಂತಿರುತ್ತಾರೆ, ಬೆಳಿಗ್ಗೆ ಓದಿದ ಪತ್ರಿಕೆಯೇ. ಹೋದ ವಾರ ಮುಗಿದ ಮೇಲೆ ಮೆಲ್ಲಗೆ ಕೇಳಿದರು, "ಆ ಹುಡುಗನಿಗೆ ಗೊತ್ತಾಯ್ತಾ?" ಅಂತ. ಇನ್ನೂ ಇಲ್ಲ ಅಂದೆ. ಸದ್ಯ ಅಂದು ಅಡುಗೆಮನೆಗೆ ಹೋದರು. ಅವರಿಗೂ ಹೆದರಿಕೆ. ಒಂದು ಶನಿವಾರ ಮಾತ್ರ ಟಿವಿ ಹತ್ತಲೇ ಇಲ್ಲ, ಹೋದ ತಿಂಗಳು. ಕತ್ತಲಾಗುವ ತನಕ ಕೂತಿದ್ದೆ. ಆ ಅಂಗಿ ಮುದುರಿದ್ದಕ್ಕೆ ಮುನಿಸಿಕೊಂಡನೇನೋ ಅನ್ನಿಸಿ, ತಪ್ಪಾಯ್ತು ಕಣೋ ಅಂತ ಕುರ್ಚಿಗೆ ಹೇಳಿದೆ. ಮುಂದಿನ ವಾರ ಹತ್ತಿದಾಗ ಹೋದ ಜೀವ ಬಂತು. ಅವತ್ತೇ ಇನ್ನೊಂದು ನಡೆಯಿತು. ಅಕ್ಕ ತಮ್ಮನ ಒದ್ದೆ ಬೂಟನ್ನು ಒಲೆಯ ಪಕ್ಕ ಒಣಗಲು ಇಡುವ ಚಿತ್ರ ಬಂದ ಕೂಡಲೇ ಎಲ್ಲ ಗಕ್ಕನೆ ನಿಂತಿತು. ಹಾಡೂ ನಿಂತಿತು. ಬಹಳ ಹೊತ್ತು ಆ ಬೂಟುಗಳೇ ಪರದೆಯ ಮೇಲೆ. ಗುಂಡನಿಗೆ ನೋಡಲು ಆಗುತ್ತಿಲ್ಲ ಅಂತ ನನಗೆ ಗೊತ್ತಾಯಿತು. "ಹೋಗಿ ನೀರು ಕುಡ್ಕೊಂಡು ಬಾ ಹೋಗು, ನಾನು ಇಲ್ಲೇ ಇರ್ತೀನಿ" ಅಂದೆ. ಆಮೇಲೆ ತಾನಾಗಿಯೇ ಮುಂದೆ ಓಡಿತು.

ನೀನು ಊರು ಬಿಟ್ಟ ಮೇಲೂ ಶನಿವಾರ ಸಂಜೆ ಅವನು ಒಳಗೆ ಬಾಗಿಲು ಹಾಕಿಕೊಂಡು, "ಒತ್ತೇ ಗೂಬೆ, ಬೇಗ ಒತ್ತೇ" ಅಂತ ಫೋನಿನಲ್ಲಿ ಕೂಗುತ್ತಿದ್ದುದು ನೆನಪಾಗುತ್ತದೆ. ಲೋಕವೆಲ್ಲ ಮಲಗಿದ ಮೇಲೂ ನೀನು ಕಣ್ಣು ಬಿಟ್ಟುಕೊಂಡು ಓದುತ್ತಿದ್ದೆ ಅಂತ ನಿನಗೆ ಗೂಬೆ ಅಂತ ಅವನೇ ಹೆಸರಿಟ್ಟದ್ದು. ಏನೋ ಆಟವಾಡುತ್ತಿದ್ದೀರಿ ಅಂದುಕೊಂಡು ನಾನು ಕೇಳಲಿಲ್ಲ. ಯಾವ ಕಥೆಯದ್ದಾದರೂ ಕೊನೆಯ ಪುಸ್ತಕವನ್ನು ಇಬ್ಬರೂ ಒಟ್ಟಿಗೆ ಕೂತೇ ಬಿಚ್ಚಬೇಕು ಅನ್ನುವುದು ನಿಮ್ಮ ಒಪ್ಪಂದವಾಗಿತ್ತಂತೆ, ಸೋಡಾಬುಡ್ಡಿ ಹೇಳಿದ. ಎಡತುದಿಯ ಆ ಪುಸ್ತಕದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇದೆ. ನಾನು ದೂಳು ಒರೆಸುತ್ತೇನೆ, ಬಿಚ್ಚಿಲ್ಲ.

ಬರುವ ಶನಿವಾರ ಟಿವಿಯಲ್ಲಿ ಆ ಕಥೆ ಮುಗಿಯುತ್ತದೆ. ಅಕ್ಕ ಹೇಳಲೇಬೇಕು, ಬೇರೆ ದಾರಿ ಇಲ್ಲ. ಅವಳು ಹೇಳದೆ ದೀಪ ಉರಿಸುತ್ತಾ ಕೂತರೆ ಅವನು ಒದ್ದೆ ಬಟ್ಟೆಯಲ್ಲಿ ದಿನಾ ಬರುತ್ತಲೇ ಇರಬೇಕಾಗುತ್ತದೆ, ಅದೂ ಸರಿಯಲ್ಲ ಅಂತ ನನಗೆ ಗೊತ್ತು. ಆದರೂ ಆ ಕಥೆ ಮುಗಿದರೆ ಇಲ್ಲಿ ಟಿವಿ ಇನ್ನು ಯಾಕೆ ಹತ್ತಬೇಕು? ನೋಡುವುದಕ್ಕೇನೂ ಇಲ್ಲದ ಮೇಲೆ ಅವನು ಯಾಕೆ ಬರಬೇಕು? ನಿನ್ನೆ ರಾತ್ರಿಯಿಂದ ಊಟ ಸೇರುತ್ತಿಲ್ಲ. ನಿಮ್ಮಪ್ಪ ಅದನ್ನು ನೋಡಲಾರದೆ ಇವತ್ತು ಸಂಜೆ ಟಿವಿ ರಿಪೇರಿಯವನನ್ನು ಕರೆದಿದ್ದಾರೆ, ಎತ್ತಿಕೊಂಡು ಹೋಗಲಿ ಅಂತ. ನಾನು ಬಿಡುವುದಿಲ್ಲ. ಕಡೇ ಪಕ್ಷ ಶನಿವಾರದ ತನಕ ಬಿಡುವುದಿಲ್ಲ.

ನೀನು ಹೊಟ್ಟೆತುಂಬ ತಿನ್ನು. ಬೇಕರಿಯವಳು ಬರೀ ಬ್ರೆಡ್ಡಿನ ಚೂರು ತಿಂದು ಬದುಕುತ್ತಾಳೆ ಅಂತ ಕೇಳಲು ನನಗೆ ಇಷ್ಟವಿಲ್ಲ. ಪಾಳಿ ಮುಗಿಸಿ ಬರುವಾಗ ಕಿವಿಗೆ ಬಟ್ಟೆ ಸುತ್ತಿಕೋ. ನಿಮ್ಮಪ್ಪನ ಪ್ರೀತಿಯನ್ನೂ ಇದರಲ್ಲೇ ಮಡಿಸಿಟ್ಟಿದ್ದೇನೆ, ಅವರು ಬಾಯಿಬಿಟ್ಟು ಹೇಳುವವರಲ್ಲ. ನಿನಗೆ ಒಳ್ಳೆಯದಾಗಲಿ, ನೂರು ಕಾಲ ಬಾಳು.

ನಿನ್ನ
ಅಮ್ಮ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲೇ ರಿಪೇರಿಯವನು ಬಂದು ಹೋದ. ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೋ. ಅವನು ಏನೇನೋ ಒತ್ತಿ ನೋಡಿ, "ಇದರಲ್ಲಿ ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲಮ್ಮ. ಯಾರೋ ದೂರದಿಂದ ಫೋನಲ್ಲಿ ಹಾಕ್ತಿದಾರೆ. ಅವರೂ ಅಲ್ಲಿ ಇದನ್ನೇ ನೋಡ್ತಿರ್ತಾರೆ. ಇಲ್ನೋಡಿ, ಹೆಸರೂ ಇದೆ" ಅಂದ. ಪರದೆಯ ಮೇಲೆ ಗೂಬೆ ಅಂತ ಇತ್ತು. ನಿಮ್ಮಪ್ಪ ಹೊಸ್ತಿಲು ದಾಟಿ ಒಳಗೆ ಬಂದು ಅದನ್ನು ಓದಿದರು, ಅವನ ಕುರ್ಚಿಯಲ್ಲಿ ಕೂತರು. ಟಿವಿ ಇಲ್ಲೇ ಇರಲಿ ಅಂದರು. ಆ ಶನಿವಾರ ಹತ್ತಲಿಲ್ಲವಲ್ಲ, ನಿನಗೆ ಜ್ವರ. ಬೂಟು ನೋಡಲಾಗದೆ ನಿಲ್ಲಿಸಿದವಳು ನೀನು. ಖಾಲಿ ಕೋಣೆಗೆ ಹಾಕುತ್ತಿದ್ದೇನೆ ಅಂತ ನೀನು ಅಂದುಕೊಂಡಿದ್ದೆ ಅಲ್ಲವೇ? ಖಾಲಿ ಇರಲಿಲ್ಲ ಮಗಳೇ, ಪ್ರತಿ ವಾರವೂ ನಾನಿದ್ದೆ. ಈ ಕಾಗದ ಗುರುವಾರಕ್ಕೆ ನಿನ್ನ ಕೈ ಸೇರುತ್ತದೆ. ಈ ಶನಿವಾರ ಅಲ್ಲಿಂದ ಒತ್ತಬೇಡ, ಮನೆಗೇ ಬಾ. ಐದೂವರೆಗೆ ಟಿವಿ ಹತ್ತಿದರೆ ನೀನು ಬರುವುದಿಲ್ಲ ಅಂತ ತಿಳಿದುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಅದು ಹತ್ತದೆ ಇರಲಿ ಅಂತ ಮೊದಲ ಸಲ ಕಾಯುತ್ತಿದ್ದೇನೆ. ಹತ್ತದಿದ್ದರೆ ಹೋಗಿ ಬೀದಿಬಾಗಿಲ ಚಿಲಕ ತೆಗೆಯುತ್ತೇನೆ.