ಮಿಂಚುಳ್ಳಿಯ ನೀಲಿ

ಶನಿವಾರ, ಜೂನ್ ೧೪

ಸಿಕ್ಕಿತು! ಅಮ್ಮ ನನ್ನ ಹತ್ರ ಬಿಟ್ಟುಹೋಗಿದ್ದ ಕ್ರಾಸ್ ಸ್ಟಿಚ್ ಕಸೂತಿ ಡಬ್ಬಿಯ ದಾರಗಳನ್ನ ಬಣ್ಣಬಣ್ಣಕ್ಕೆ ಬೇರೆ ಮಾಡ್ತಿದ್ದೆ. ರಟ್ಟಿಗೆ ಸುತ್ತಿದ್ದ ಕಂದು ದಾರ ಬಿಚ್ಚಿದರೆ ಅಡಿಯಲ್ಲಿ ಆ ನೀಲಿ! ಅಂಗಡಿಯವನು ‘ಈಗ ಬರೋದೇ ಇಲ್ಲ’ ಅಂದಿದ್ದು ಇದನ್ನೇ, ಇದಿಲ್ಲದೇನೇ ಅಮ್ಮ ಕಸೂತಿಯ ಮಿಂಚುಳ್ಳಿಯ ರೆಕ್ಕೆಯನ್ನ ಅರ್ಧಕ್ಕೇ ಬಿಟ್ಟಿದ್ದು. ರಟ್ಟು ಉಳಿಸೋಕೆ ಹಳೇ ದಾರದ ಮೇಲೇ ಹೊಸದು ಸುತ್ತೋ ಚಾಳಿ ಅವಳದೇ!

ಅಮ್ಮನಿಗೆ ಫೋನ್ ಮಾಡಿದೆ. “ನಾಳೇನೇ ಬರ್ತೀನಿ ಕಣೆ. ಅಲ್ಲಿವರೆಗೆ ಸೂಜಿ ಮುಟ್ಟಿದ್ರೆ ನೋಡು!” ಅಂದಳು. ದನಿಯೇ ಕುಣೀತಿತ್ತು.

ಕೈ ಸುಮ್ಮನಿರಬೇಕಲ್ಲ? ಆ ನೀಲೀಲಿ ರೆಕ್ಕೆಗೆ ಒಂದೇ ಒಂದು ಹೊಲಿಗೆ ಹಾಕಿಬಿಟ್ಟೆ. ಎಂಥಾ ಚೆಂದ! ಆಮೇಲೆ ನೋಡ್ತೀನಿ, ಅಮ್ಮನ ಗುಣಾಕಾರದ ಹೊಲಿಗೆಗಳಲ್ಲೆಲ್ಲ ಮೇಲಿನ ಎಳೆ ಬಲಕ್ಕೆ ವಾಲಿದೆ, ನನ್ನದೊಂದೇ ಎಡಕ್ಕೆ. ಬಾಗಿಲಲ್ಲೇ ನಿಂತು ಕಂಡುಹಿಡೀತಾಳೆ. ಬಿಚ್ಚೋಕೆ ಮನಸ್ಸು ಬರ್ತಿಲ್ಲ. ಬೈದರೆ ಬೈಯಲಿ, ಆ ರೆಕ್ಕೆಯಲ್ಲಿ ನನ್ನದೂ ಒಂದಿರಲಿ.